ಅಶ್ವತ್ಥರ ಹಾಡೂ ನಮ್ಮ ಎರಡು ಪಂಗಡಗಳೂ

(ತ್ರಿಪ್ಲಿಕೇನಿನ ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ಭಾನುವಾರ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಹಿಂದೆಮುಂದೆ ನೋಡಿದೆವು. ನಾವು ಸಂಗೀತ ಕಲಿತವರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿ ಸೇರಿದವರು. ಹಗಲೆಲ್ಲ ಹಾಜರಿ ಪುಸ್ತಕ, ಸಂಜೆಗೆ ಈ ವಾಚನಾಲಯದ ಬೀಗದ ಕೈ, ಇಷ್ಟೇ ನಮ್ಮ ಪ್ರಪಂಚ. ಆದರೆ ಕಳೆದ ರಾಜ್ಯೋತ್ಸವದ ಸಂಜೆಯಿಂದ ಈಚೆಗೆ ಈ ಕೋಣೆಯಲ್ಲಿ ನಡೆದಿರುವುದನ್ನು ಕಂಡು ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ನಡೆದದ್ದು ಬಹುಮಂದಿಗೆ ಗೊತ್ತು. ಗೊತ್ತಿಲ್ಲದವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇವೆ. ಧ್ವಜವಂದನೆ ಮುಗಿದು ಸಿಹಿ ಹಂಚಿದ ಮೇಲೆ ನಮ್ಮ ಹೋಟೆಲು ನೌಕರ ತರುಣರು ಬಾಡಿಗೆಗೆ ತಂದ ದೊಡ್ಡ ಸ್ಪೀಕರಿನಲ್ಲಿ ಸಿ. ಅಶ್ವತ್ಥರ 'ಕನ್ನಡವೇ ಸತ್ಯ' ಕಾರ್ಯಕ್ರಮದ ಹಾಡುಗಳನ್ನು ಹಾಕಿದರು. ಎರಡನೆಯ ಹಾಡು ಮುಗಿಯುವ ಮೊದಲೇ, ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ನಮ್ಮ ರಾಯರು ಎದ್ದುಹೋಗಿ ಸ್ವಿಚ್ಚು ಆರಿಸಿಬಿಟ್ಟರು. "ಇದು ಭಾವಗೀತೆಯಲ್ಲ, ಸಂತೆ. ನಾವು ಕೇಳಿದ ಅಶ್ವತ್ಥ್ ಇವರಲ್ಲ" ಎಂದರು. "ನಿಮ್ಮ ಕ್ಯಾಸೆಟ್ಟು ಕೇಳಿದರೆ ನಿದ್ದೆ ಬರುತ್ತೆ ರಾಯರೇ, ಅದು ಜೋಗುಳ" ಎಂದ ಒಬ್ಬ ತಮ್ಮ. ಮಾತಿಗೆ ಮಾತು ಬೆಳೆಯಿತು. ಅಂದಿನಿಂದ ರಾಯರ ಕಡೆಯವರು ಬೆಳಗ್ಗೆ ಬಂದು ಪತ್ರಿಕೆ ಓದಿ ಹೋಗುತ್ತಾರೆ. ತರುಣರು ರಾತ್ರಿ ಹೋಟೆಲಿನ ಕೆಲಸ ಮುಗಿದ ಮೇಲೆ ಬರುತ್ತಾರೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ರಾಯರು ಸಂಘಕ್ಕೆ ಕೊಟ್ಟಿದ್ದ ಕ್ಯಾಸೆಟ್ಟುಗಳ ಪೆಟ್ಟಿಗೆಯನ್ನು ಹಿಂದಕ್ಕೆ ಕೇಳಿದ್ದಾರೆ. ಪೆಟ್ಟಿಗೆ ಕೊಡುವುದು ಕಷ್ಟವಲ್ಲ. ಪೆಟ್ಟಿಗೆಯ ಹಿಂದೆಯೇ ರಾಯರೂ ಹೊರಟುಹೋದರೆ ಏನು ಗತಿ ಎಂಬುದೇ ನಮ್ಮ ಚಿಂತೆ.

ಇಷ್ಟು ಜಗಳಕ್ಕೆ ಕಾರಣರಾದ ಅಶ್ವತ್ಥರು ಯಾರು? ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ 1939ರ ಡಿಸೆಂಬರ್ 29ರಂದು ಹುಟ್ಟಿದವರು. 2009ರಲ್ಲಿ, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ಬೆಂಗಳೂರಿನಲ್ಲಿ ತೀರಿಕೊಂಡರು. ವಿಜ್ಞಾನದ ಪದವಿ ಪಡೆದು, ಬೆಂಗಳೂರಿನ ಐ.ಟಿ.ಐ. ದೂರವಾಣಿ ಕಾರ್ಖಾನೆಯಲ್ಲಿ 27 ವರ್ಷ ನೌಕರಿ ಮಾಡಿ 1992ರಲ್ಲಿ ನಿವೃತ್ತರಾದರು. ಈ ಸಂಗತಿಯನ್ನು ನಮ್ಮಂಥವರು ಮರೆಯಬಾರದು. ಅವರು ಹಾಡಿ ಹೆಸರು ಮಾಡಿದ ಕಾಲದ ಬಹುಭಾಗ ಒಂದು ಕಾರ್ಖಾನೆಯ ನೌಕರರೇ ಆಗಿದ್ದರು. ಸಂಬಳದ ಕೆಲಸ ಮುಗಿಸಿ, ಉಳಿದ ಹೊತ್ತಿನಲ್ಲಿ ಹಾರ್ಮೋನಿಯಂ ಮುಂದೆ ಕುಳಿತವರು.

ಕವಿಗಳ ಪದ್ಯವನ್ನು ರಾಗಕ್ಕೆ ಕೂರಿಸಿ ಜನರ ಮುಂದೆ ಹಾಡುವ ಪದ್ಧತಿ ಅವರಿಂದ ಆರಂಭವಾದದ್ದಲ್ಲ. ಪಿ. ಕಾಳಿಂಗರಾಯರು (1914–1981) ಆ ದಾರಿಯನ್ನು ಎಂದೋ ತೆರೆದಿದ್ದರು. ಮೈಸೂರು ಅನಂತಸ್ವಾಮಿಯವರು ಅದನ್ನು ಮನೆಮನೆಗೆ ಮುಟ್ಟಿಸಿದರು. ನಿಸಾರ್ ಅಹಮದರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ಟು 1978ರಲ್ಲಿ ಬಂದಿತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು ಅದು. ಅಶ್ವತ್ಥರೂ ಇದೇ ಸಾಲಿನವರು. ಹಾರ್ಮೋನಿಯಂ, ತಬಲ, ಒಂದು ಕೊಳಲು ಇದ್ದರೆ ಸಾಕು, ಅವರ ಕಂಠ ಕವಿತೆಯನ್ನು ಕೇಳುಗನ ಎದುರು ತಂದು ನಿಲ್ಲಿಸುತ್ತಿತ್ತು.

ಆಮೇಲೆ ಸಿನಿಮಾ ಬಂದಿತು. ಇಲ್ಲಿ ನಮ್ಮ ಮದರಾಸಿಗೂ ಒಂದು ಪಾಲಿದೆ. ಇದೇ ಊರಿನ ಎಲ್. ವೈದ್ಯನಾಥನ್ ಅವರೊಡನೆ ಸೇರಿ ಅಶ್ವತ್ಥರು 'ಅಶ್ವತ್ಥ್-ವೈದಿ' ಎಂಬ ಜೋಡಿಯಾಗಿ 'ಆಲೆಮನೆ' (1981) ಮೊದಲಾದ ಚಿತ್ರಗಳಿಗೆ ಸಂಗೀತ ಕೊಟ್ಟರು. ಮುಂದೆ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಸಂಗೀತ ಕೊಟ್ಟವರು ಇದೇ ವೈದ್ಯನಾಥನ್. ಬಳಿಕ ಶಿಶುನಾಳ ಷರೀಫರ ತತ್ವಪದಗಳು ಅಶ್ವತ್ಥರ ಕಂಠದಲ್ಲಿ ನಾಡೆಲ್ಲ ಹರಡಿದವು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಷರೀಫ' ಚಿತ್ರ ಬಂದಿತು. ಕೊನೆಗೆ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ'. ದೊಡ್ಡ ವಾದ್ಯವೃಂದ, ದೊಡ್ಡ ಗಾಯಕವೃಂದ, ಲಕ್ಷದ ಲೆಕ್ಕದಲ್ಲಿ ಜನ. ಸಿನಿಮಾ ಹಾಡಿಗೆ ಕೂಡುವ ಜನ ಕವಿತೆ ಕೇಳಲು ಕೂಡಿದ್ದರು.

ಒಡಕು ಹುಟ್ಟುವುದು ಇಲ್ಲಿಯೇ. ರಾಯರ ಮಾತನ್ನು ಮೊದಲು ನ್ಯಾಯವಾಗಿ ಕೇಳೋಣ. ಅವರು ಈ ಊರಿಗೆ ಬಂದ ಹೊಸದರಲ್ಲಿ, ಪೈಕ್ರಾಫ್ಟ್ಸ್ ರಸ್ತೆಯ ಹಿಂದಿನ ಒಂದು ಮ್ಯಾನ್ಷನ್ನಿನಲ್ಲಿ, ನಾಲ್ವರು ಬ್ರಹ್ಮಚಾರಿಗಳು ಒಂದೇ ಕೋಣೆಯಲ್ಲಿದ್ದರಂತೆ. ರಾತ್ರಿ ದೀಪ ಆರಿಸಿದ ಮೇಲೆ ಟೇಪ್ ರಿಕಾರ್ಡರಿನಲ್ಲಿ 'ಮೈಸೂರ ಮಲ್ಲಿಗೆ'ಯ ಹಾಡುಗಳನ್ನು ಸಣ್ಣಗೆ ಹಾಕಿಕೊಳ್ಳುವರು. ಪಕ್ಕದ ಕೋಣೆಯವರಿಗೆ ಕೇಳಿಸಬಾರದು, ಅಷ್ಟು ಸಣ್ಣಗೆ. ಊರಿನಲ್ಲಿ ಬಿಟ್ಟುಬಂದ ಹೆಂಡತಿಯ ನೆನಪಿಗೆ ಒಬ್ಬ ಗೋಡೆಯ ಕಡೆ ತಿರುಗಿ ಮಲಗುವನಂತೆ. "ಆ ಹಾಡು ನಮ್ಮ ನಾಲ್ವರದಾಗಿತ್ತು. ಲಕ್ಷ ಜನರ ಮುಂದೆ ಕೂಗಿ ಹಾಡಿದರೆ ಅದು ಯಾರದಪ್ಪಾ?" ಎಂದು ರಾಯರು ನಮ್ಮನ್ನು ಕೇಳಿದರು. ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕಲಾಗದು.

ಇನ್ನು ಆ ತಮ್ಮನ ಮಾತು. ಹದಿನೇಳನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು ಹೋಟೆಲು ಸೇರಿದವನು ಅವನು. ಶಾಲೆಯಲ್ಲಿ ಪದ್ಯ ಎಂದರೆ ಬಾಯಿಪಾಠ, ತಪ್ಪಿದರೆ ಬೆತ್ತ, ಅಷ್ಟೇ ಅವನಿಗೆ ಗೊತ್ತಿದ್ದದ್ದು. "ಅಣ್ಣಾ, ಷರೀಫಜ್ಜ ಯಾರು ಅಂತ ನಂಗೆ ಹೇಳಿಕೊಟ್ಟಿದ್ದು ಅಶ್ವತ್ಥ್. ಅಡಿಗೆಮನೆಯಲ್ಲಿ ಒಲೆಯ ಶಬ್ದದ ನಡುವೆಯೂ ಅವರ ದನಿ ಕೇಳಿಸ್ತಿತ್ತು. ಸಣ್ಣಗೆ ಹಾಡಿದ್ದರೆ ನಂಗೆ ಯಾವತ್ತೂ ಕೇಳಿಸ್ತಿರಲಿಲ್ಲ" ಎಂದ. ಇದನ್ನೂ ತಳ್ಳಿಹಾಕಲಾಗದು.

ಕೇಳಿಸುವುದು, ಕೇಳಿಸದಿರುವುದು ಎಂಬ ಈ ತೊಡಕು ಹೊಸದೇನೂ ಅಲ್ಲ. ಪಿಟೀಲು ಚೌಡಯ್ಯನವರ ಕಥೆಯನ್ನು ನೆನೆಯಿರಿ. ತಿರುಮಕೂಡಲು ನರಸೀಪುರದ ಅವರು ನಾಲ್ಕು ತಂತಿಯ ಪಿಟೀಲಿನಲ್ಲಿ ಹೆಸರು ಮಾಡಿದ್ದವರು. ಮೈಕು ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸುವುದಿಲ್ಲವೆಂದು 1927ರಲ್ಲಿ ಮೂರು ತಂತಿಗಳಿಗೆ ಒಂದೊಂದು ಜೊತೆತಂತಿ ಕೂರಿಸಿ ಏಳು ತಂತಿ ಮಾಡಿಕೊಂಡರು. ನಾದ ತುಂಬಿಬಂತು ಎಂದವರಿದ್ದರು, ನಯ ಹೋಯಿತು ಎಂದವರೂ ಇದ್ದರು. ಇಲ್ಲಿಂದ ನಡೆದುಹೋಗುವಷ್ಟು ದೂರದ ಮ್ಯೂಸಿಕ್ ಅಕಾಡೆಮಿಯೇ 1957ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ದೂರದ ಅಮೇರಿಕದಲ್ಲಿಯೂ ಹೀಗೆಯೇ. ಮರದ ಗಿಟಾರು ಹಿಡಿದು ಜನಪದದ ಧಾಟಿಯಲ್ಲಿ ಹಾಡುತ್ತಿದ್ದ ಬಾಬ್ ಡಿಲನ್ 1965ರಲ್ಲಿ ವಿದ್ಯುತ್ ಗಿಟಾರು ಹಿಡಿದಾಗ ಅವರ ಅಭಿಮಾನಿಗಳೇ ಸಭೆಯಲ್ಲಿ ಕೂಗಿ ಛೀಮಾರಿ ಹಾಕಿದರು. 2016ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಾಗ ಆ ಕೂಗು ಬರಿಯ ಕಥೆಯಾಗಿ ಉಳಿದಿತ್ತು.

ಹಾಗಾದರೆ ಬದಲಾದದ್ದೆಲ್ಲ ಒಳ್ಳೆಯದೇ ಎನ್ನೋಣವೆ? ನಾವು ಹಾಗೆ ಹೇಳುವುದಿಲ್ಲ. ಗಿರಣಿಯಲ್ಲಿ ಕೆಲಸ ಮಾಡುವವರಿಗೆ ಒಂದು ಅನುಭವವಿದೆ. ಯಂತ್ರದ ಸದ್ದಿನಲ್ಲಿ ಎಂಟು ಗಂಟೆ ಕೂಗಿ ಮಾತಾಡಿ ಮನೆಗೆ ಬಂದರೆ ದನಿ ಇಳಿಯುವುದೇ ಇಲ್ಲ. "ಪಕ್ಕದಲ್ಲೇ ಇದ್ದೀನಿ, ಯಾಕೆ ಹಾಗೆ ಕಿರುಚ್ತೀರಿ?" ಎಂದು ಮನೆಯಾಕೆ ಕೇಳುತ್ತಾಳೆ. ಮೈದಾನಕ್ಕೆಂದು ಕಟ್ಟಿದ ದನಿ ಕೋಣೆಗೆ ಬಂದರೆ ಇದೇ ಗತಿ. ಅಂದು ರಾಯರ ಕಿವಿಗೆ ಆದದ್ದು ಇದೇ. ಹತ್ತು ಅಡಿ ಹನ್ನೆರಡು ಅಡಿಯ ನಮ್ಮ ಕೋಣೆಯಲ್ಲಿ ಅರಮನೆ ಮೈದಾನವನ್ನು ಕೂರಿಸಲು ಹೊರಟಿದ್ದೆವು. ಅದು ಅಶ್ವತ್ಥರ ತಪ್ಪಲ್ಲ, ಸ್ಪೀಕರು ಇಟ್ಟ ನಮ್ಮ ತಪ್ಪು.

ಈ ಮಾತು ಹೇಳುವ ಮೊದಲು ನಾವು ಒಂದು ಪರೀಕ್ಷೆ ಮಾಡಿದೆವು. ಗುಮಾಸ್ತನ ಬುದ್ಧಿ, ಏನನ್ನಾದರೂ ಎರಡು ಕಲಮು ಮಾಡಿ ಬರೆಯದೆ ಸಮಾಧಾನವಿಲ್ಲ. ಎರಡು ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ರಾಯರ ಪೆಟ್ಟಿಗೆಯ ಕ್ಯಾಸೆಟ್ಟುಗಳನ್ನೂ ತರುಣರ ಮೊಬೈಲಿನ ಹಾಡುಗಳನ್ನೂ ಒಂದಾದಮೇಲೆ ಒಂದು ಕೇಳಿದೆವು. ಪದ್ಯದ ಮಾತು ಸ್ಪಷ್ಟವಾಗಿ ಕಿವಿಗೆ ಬಿದ್ದದ್ದು ಎಡಕ್ಕೆ, ವಾದ್ಯದಲ್ಲಿ ಮುಳುಗಿದ್ದು ಬಲಕ್ಕೆ. ಹಳೆಯದೆಲ್ಲ ಎಡಕ್ಕೂ ಹೊಸದೆಲ್ಲ ಬಲಕ್ಕೂ ಬಂದೀತೆಂದು ನಮ್ಮ ಎಣಿಕೆ. ಹಾಗಾಗಲಿಲ್ಲ. ಷರೀಫರ ಪದಗಳು ಎಷ್ಟು ಎತ್ತರದ ದನಿಯಲ್ಲಿದ್ದರೂ ಒಂದೊಂದು ಅಕ್ಷರವೂ ಕೇಳಿಸಿತು. ಗಂಡ ಹೆಂಡಿರ ಮಾತಿನಂತಿರುವ ಕವಿತೆಗಳು ಮಾತ್ರ, ಹತ್ತಾರು ವಾದ್ಯ ಸೇರಿದೊಡನೆ, ಅರ್ಧಕ್ಕರ್ಧ ಬಲಗಡೆಗೆ ಹೋದವು.

ಇದೇಕೆ ಎಂದು ಯೋಚಿಸಿದಾಗ ಹೊಳೆದದ್ದಿಷ್ಟು. ಷರೀಫರು (1819–1889) ತತ್ವಪದ ಕಟ್ಟಿದ್ದು ಮುಚ್ಚಿದ ಕೋಣೆಗಲ್ಲ. ಅವು ಜಾತ್ರೆಯಲ್ಲಿ, ಮಠದ ಅಂಗಳದಲ್ಲಿ, ಭಜನೆಯ ಮೇಳದಲ್ಲಿ ನಾಲ್ಕು ಮಂದಿ ದನಿಗೂಡಿಸಿ ಹಾಡಿದ ಪದಗಳು. ಅವಕ್ಕೆ ಬಯಲೇ ತವರುಮನೆ. ಅಶ್ವತ್ಥರು ಎದೆ ತುಂಬಿ ಹಾಡಿದಾಗ ಅವು ತವರಿಗೆ ಮರಳಿದವು. ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' 1942ರಲ್ಲಿ ಅಚ್ಚಾದ ಪುಸ್ತಕ; ಅಲ್ಲಿಯ ಮಾತು ನಡುಮನೆಯದು, ಪಿಸುಮಾತು. ಅದಕ್ಕೆ ನಗಾರಿ ಬೇಡ. ಆದ್ದರಿಂದ ಹಳೆಯ ಅಶ್ವತ್ಥ್, ಹೊಸ ಅಶ್ವತ್ಥ್ ಎಂದು ಇಸವಿ ಹಾಕಿ ಗೆರೆ ಎಳೆಯುವುದು ತಪ್ಪು ಲೆಕ್ಕ. ಷರೀಫರ ಚಿತ್ರ 1990ರದು. ಅದಾಗಿ ಎರಡೇ ವರ್ಷಕ್ಕೆ, 1992ರಲ್ಲಿ, ತೆರೆಕಂಡ 'ಮೈಸೂರ ಮಲ್ಲಿಗೆ' ಚಿತ್ರಕ್ಕೂ ಅವರದೇ ಸಂಗೀತ. ಬಯಲಿನ ದನಿಯೂ ನಡುಮನೆಯ ದನಿಯೂ ಒಬ್ಬರೇ ಮನುಷ್ಯರಲ್ಲಿ, ಒಂದೇ ಕಾಲದಲ್ಲಿ ಇದ್ದವು. ಗೆರೆ ಎಳೆಯುವುದಾದರೆ ಕವಿತೆ ಕವಿತೆಗೂ ನಡುವೆ ಎಳೆಯೋಣ. ಈ ಪದ್ಯಕ್ಕೆ ಈ ದನಿ ಒಪ್ಪಿತೆ, ಇಲ್ಲವೆ ಎಂದು ಒಂದೊಂದನ್ನೂ ಕೇಳಿ ಹೇಳೋಣ. ಒಪ್ಪದ ಕಡೆ ಒಪ್ಪಲಿಲ್ಲವೆಂದು ಹೇಳುವುದರಿಂದ ಅವರ ಗೌರವಕ್ಕೆ ಕುಂದಿಲ್ಲ.

ಇನ್ನೊಂದು ಮಾತನ್ನು ಅಂಜುತ್ತಲೇ ಹೇಳುತ್ತೇವೆ. ಬದಲಾಗದ ಹಾಡುಗಾರನನ್ನು ನಮ್ಮ ಜನ ಸುಮ್ಮನೆ ಬಿಡುತ್ತಾರೆಯೆ? ಹಾಡಿದ್ದೇ ಹಾಡೋ ಕಿಸಬಾಯಿದಾಸ ಎನ್ನುತ್ತಾರೆ. ಬದಲಾದರೆ ನಮ್ಮವನಲ್ಲ ಎನ್ನುತ್ತಾರೆ. ನಮ್ಮಲ್ಲಿ ಒಬ್ಬ ಮ್ಯಾನ್ಷನ್ನಿನ ಕೋಣೆ ಬಿಟ್ಟು ಅಣ್ಣಾನಗರದಲ್ಲಿ ಮನೆ ಮಾಡಿದರೆ "ಅವನು ದೊಡ್ಡವನಾದ" ಎಂದು ಮೂತಿ ತಿರುಗಿಸುವುದಿಲ್ಲವೆ? ಆ ಸಿಟ್ಟಿನಲ್ಲಿ ಅವನ ತಪ್ಪಿಗಿಂತ, ಕೋಣೆಯಲ್ಲೇ ಉಳಿದ ನಮ್ಮ ಒಂಟಿತನ ಹೆಚ್ಚು. ರಾಯರು ಸ್ವಿಚ್ಚು ಆರಿಸಿದ್ದು ಗದ್ದಲಕ್ಕಾಗಿ ಮಾತ್ರವಲ್ಲ ಎಂದು ನಮಗನಿಸುತ್ತದೆ. ಕೋಣೆಯ ಆ ನಾಲ್ವರಲ್ಲಿ ಈಗ ಈ ಊರಿನಲ್ಲಿ ಉಳಿದವರು ಅವರೊಬ್ಬರೇ. ಇದನ್ನು ತರುಣರು ತಿಳಿಯಬೇಕು.

ಇಂಥ ಜಗಳ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನಮ್ಮ ನಾಡಗೀತೆಯೇ ಸಾಕ್ಷಿ. ಕುವೆಂಪು ಅವರ ಗೀತೆಯನ್ನು 2004ರಲ್ಲಿ ಸರ್ಕಾರ ನಾಡಗೀತೆಯೆಂದು ಸಾರಿತು. ಹಾಡುವುದು ಅನಂತಸ್ವಾಮಿಯವರ ಧಾಟಿಯಲ್ಲೋ ಅಶ್ವತ್ಥರ ಧಾಟಿಯಲ್ಲೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು 2022ರಲ್ಲಿ ಆಜ್ಞೆಯಾಯಿತು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದ ಅರ್ಜಿ 2024ರಲ್ಲಿ ವಜಾ ಆಯಿತು. ಸರ್ಕಾರಿ ಸಮಾರಂಭಕ್ಕೆ ಒಂದೇ ಧಾಟಿ ಬೇಕು, ಸರಿ. ನಮ್ಮ ವಾಚನಾಲಯಕ್ಕೆ ಯಾವ ಕೋರ್ಟೂ ತೀರ್ಪು ಕೊಟ್ಟಿಲ್ಲ. ಎರಡನ್ನೂ ಇಟ್ಟುಕೊಳ್ಳುವ ಸ್ವಾತಂತ್ರ್ಯ ನಮಗಿದೆ.

ಆದಕಾರಣ ನಮ್ಮ ಸೂಚನೆ ಇಷ್ಟೇ. ತಿಂಗಳ ಮೊದಲನೆಯ ಭಾನುವಾರ ಸಂಜೆ ಈ ಕೋಣೆಯಲ್ಲಿ, ಸ್ಪೀಕರು ಇಲ್ಲದೆ, ರಾಯರು ತಮ್ಮ ಪೆಟ್ಟಿಗೆಯಿಂದ ಆರಿಸಿದ ಹಾಡುಗಳನ್ನು ಕೇಳೋಣ. ಹಾಡಿಗೆ ಮುಂಚೆ ಪದ್ಯವನ್ನು ಪುಸ್ತಕದಿಂದ ಒಬ್ಬರು ಓದಲಿ; ಓದುವ ಕೆಲಸ ತರುಣರದು. ಮುಂದಿನ ರಾಜ್ಯೋತ್ಸವಕ್ಕೆ ತಾರಸಿಯ ಮೇಲೆ ಸ್ಪೀಕರು ಇಟ್ಟು ಷರೀಫರ ಪದ ಹಾಕೋಣ. ಆ ದಿನ ರಾಯರು ಮುಂದಿನ ಕುರ್ಚಿಯಲ್ಲಿ ಕುಳಿತು, ಯಾವ ಮಾತು ಕೇಳಿಸಲಿಲ್ಲವೆಂದು ತರುಣರಿಗೆ ಹೇಳಲಿ. ಅವರ ಕಿವಿಯಂಥ ಕಿವಿ ನಮ್ಮಲ್ಲಿ ಇನ್ನಾರಿಗೂ ಇಲ್ಲ.

ನಮ್ಮ ಮಾತಿನಲ್ಲಿ ತಪ್ಪಿದ್ದರೆ ಹಿರಿಯರು ಮನ್ನಿಸಬೇಕು. ಕ್ಯಾಸೆಟ್ಟಿನ ಪೆಟ್ಟಿಗೆ ಇನ್ನೂ ಬೀರುವಿನಲ್ಲೇ ಇದೆ. ರಾಯರು ಕೇಳಿದರೆ ಇಲ್ಲವೆನ್ನುವ ಅಧಿಕಾರ ನಮಗಿಲ್ಲ. ಮೊದಲನೆಯ ಭಾನುವಾರ ಕಳೆಯುವವರೆಗೆ ಕೇಳಬಾರದೆಂದು ಮಾತ್ರ ಕೈಮುಗಿದು ಬೇಡುತ್ತೇವೆ.