ಹಬ್ಬದ ಮರುದಿನದ ಹಸು

ಮದುವೆ ಮುಗಿದ ಮನೆಯೊಂದನ್ನು ನೆನೆಸಿಕೊಳ್ಳಿ. ನೆಂಟರಿಷ್ಟರು ಹೊರಟುಹೋಗಿದ್ದಾರೆ. ಚಪ್ಪರ ಬಿಚ್ಚುತ್ತಿದ್ದಾರೆ. ಅಡಿಗೆಮನೆಯಲ್ಲಿ ಅರ್ಧ ಕೊಳದಪ್ಪಲೆ ಅನ್ನ ಮಿಕ್ಕಿದೆ. ಅನ್ನ ಚೆಲ್ಲಬಾರದು, ಗೋವಿಗೆ ಹಾಕಿದರೆ ಪುಣ್ಯವಾದರೂ ಬಂದೀತು ಎನ್ನುತ್ತಾರೆ ಹಿರಿಯರು. ಅನ್ನದ ಮೇಲೆ ನಾಲ್ಕು ಸೌಟು ಪಾಯಸವನ್ನೂ ಸುರಿದು ಹಿತ್ತಲಿನ ಹಸುವಿನ ಮುಂದೆ ಇಡುತ್ತಾರೆ. ಹಸು ಚಪ್ಪರಿಸಿ ತಿನ್ನುತ್ತದೆ. ಮರುದಿನ ಬೆಳಗ್ಗೆ ಅದೇ ಹಸು ಮೇವು ಮುಟ್ಟದೆ, ಮೆಲುಕು ಹಾಕದೆ, ತಲೆ ತಗ್ಗಿಸಿ ನಿಂತಿರುತ್ತದೆ. ಕಣ್ಣು ಗುಳಿಬಿದ್ದಿರುತ್ತದೆ, ಸಗಣಿ ನೀರಾಗಿ ಹುಳಿ ನಾರುತ್ತದೆ. ಸಂಜೆಯ ಹೊತ್ತಿಗೆ ನೆಲ ಹಿಡಿದರೂ ಹಿಡಿದೀತು.

ಪ್ರೀತಿಯಿಂದ ಇಟ್ಟ ಅನ್ನ ವಿಷವಾದದ್ದು ಹೇಗೆ? ಯಾರ ಕಣ್ಣೂ ತಾಗಲಿಲ್ಲ. ಕಾರಣ ಹಸುವಿನ ಹೊಟ್ಟೆಯೊಳಗೇ ಇದೆ.

ಹಸುವಿನ ಹೊಟ್ಟೆಗೆ ನಾಲ್ಕು ಕೋಣೆಗಳು. ಅವುಗಳಲ್ಲಿ ಮೊದಲನೆಯದೇ ಬಲು ದೊಡ್ಡದು. ಶಾಸ್ತ್ರದಲ್ಲಿ ಅದಕ್ಕೆ ರೂಮೆನ್ ಎಂದು ಹೆಸರು. ನಾವು ಮೆಲುಕುಚೀಲ ಎನ್ನೋಣ. ದೊಡ್ಡ ಹಸುವಿನಲ್ಲಿ ಅದು 100 ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಹುಲ್ಲಿನ ನಾರನ್ನು ಕರಗಿಸುವ ಶಕ್ತಿ ಹಸುವಿಗೆ ಸ್ವಂತವಾಗಿ ಇಲ್ಲ. ಆ ಕೆಲಸವನ್ನು ಮಾಡುವುವು ಈ ಚೀಲದಲ್ಲಿ ಮನೆಮಾಡಿರುವ ಸೂಕ್ಷ್ಮಜೀವಿಗಳು. 1843ರಲ್ಲಿ ಫ್ರಾನ್ಸಿನಲ್ಲಿ ಗ್ರೂಬಿ ಮತ್ತು ಡೆಲಾಫೋಂಡ್ ಎಂಬಿಬ್ಬರು ಇವುಗಳಲ್ಲಿ ಕೆಲವನ್ನು ಕಂಡು ವರ್ಣಿಸಿದರು. ಬಹುಕಾಲದ ಮೇಲೆ ಅಮೆರಿಕದ ರಾಬರ್ಟ್ ಹಂಗೇಟ್ ಅವರು, ಗಾಳಿ ಸೋಕದಂತೆ ಇವನ್ನು ಬೆಳೆಸಿ ನೋಡುವ ಬಗೆಯನ್ನು ರೂಪಿಸಿ, 1966ರಲ್ಲಿ ಈ ವಿಷಯದ ಮೇಲೆ ಗ್ರಂಥವನ್ನೇ ಬರೆದರು. ಮೆಲುಕುಚೀಲದ ಒಂದು ಮಿಲಿಲೀಟರ್ ರಸದಲ್ಲಿ ಸುಮಾರು 1,000 ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ.

ಈ ಜೀವಿಗಳು ಮೇವನ್ನು ಹುದುಗಿಸಿದಾಗ ಆಮ್ಲಗಳು ಹುಟ್ಟುತ್ತವೆ. ಹಸುವಿನ ಮೈಗೆ ಬೇಕಾದ ಶಕ್ತಿಯ ಬಹುಪಾಲು ಬರುವುದು ಈ ಆಮ್ಲಗಳಿಂದಲೇ. ಆದರೆ ಹುಳಿ ಮಿತಿಮೀರಿದರೆ ನಾರು ಕರಗಿಸುವ ಜೀವಿಗಳು ಬಾಳಲಾರವು. ಹುಳಿಯನ್ನು ಅಳೆಯುವ ಮಾನಕ್ಕೆ ಪಿ.ಎಚ್. ಎನ್ನುತ್ತಾರೆ. ಶುದ್ಧ ನೀರಿನದು 7. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಮೆಲುಕುಚೀಲದಲ್ಲಿ ಅದು 6ರಿಂದ 7ರ ನಡುವೆ ಇದ್ದರೆ ಕ್ಷೇಮ. 5.5ಕ್ಕಿಂತ ಕೆಳಗಿಳಿದರೆ ತೊಂದರೆ. 5ಕ್ಕಿಂತ ಇಳಿದರೆ ಪ್ರಾಣಾಪಾಯ.

ಹಾಗಾದರೆ ದಿನದಿನವೂ ಹುಟ್ಟುವ ಹುಳಿಯನ್ನು ತಡೆಯುವುದು ಯಾವುದು? ಹಸುವಿನ ಜೊಲ್ಲು! ದೊಡ್ಡ ಹಸು ದಿನಕ್ಕೆ 100 ಲೀಟರಿಗೂ ಮೇಲ್ಪಟ್ಟು ಜೊಲ್ಲು ಸುರಿಸಿ ನುಂಗುತ್ತದೆ. ಅದರಲ್ಲಿ ನಮ್ಮ ಅಡಿಗೆ ಸೋಡದಲ್ಲಿರುವ ಕ್ಷಾರವೇ ಕರಗಿರುತ್ತದೆ. ಲೆಕ್ಕ ಹಾಕಿದರೆ ದಿನಕ್ಕೆ ಒಂದು ಕಿಲೋಗ್ರಾಮ್ ಸೋಡಕ್ಕಿಂತಲೂ ಹೆಚ್ಚಾಗುತ್ತದೆ. ಈ ಜೊಲ್ಲು ಹರಿಯಬೇಕಾದರೆ ಹಸು ಅಗಿಯಬೇಕು. ಅಗಿಯಬೇಕಾದರೆ ಹೊಟ್ಟೆಯಲ್ಲಿ ಉದ್ದನೆಯ ಹುಲ್ಲಿರಬೇಕು. ಹಸು ದಿನಕ್ಕೆ ಆರರಿಂದ ಎಂಟು ಗಂಟೆ ಮೆಲುಕು ಹಾಕುವುದು ಇದಕ್ಕಾಗಿಯೇ.

ಈಗ ಅನ್ನಕ್ಕೆ ಬನ್ನಿ. ಅನ್ನವನ್ನು ಅಗಿಯುವ ಅಗತ್ಯವಿಲ್ಲ, ಆದ್ದರಿಂದ ಜೊಲ್ಲು ಸಾಲದು. ಬೆಂದ ಹಿಟ್ಟಿನಂಶ ಬಹು ಬೇಗ ಹುದುಗುತ್ತದೆ. ಹುಲ್ಲು ಕರಗಿಸುವ ಜೀವಿಗಳು ಹಿಂದೆ ಸರಿದು, ಲ್ಯಾಕ್ಟಿಕ್ ಆಮ್ಲ ಮಾಡುವ ಬೇರೆ ಜೀವಿಗಳು ಮೇಲುಗೈ ಪಡೆಯುತ್ತವೆ. ಹಾಲನ್ನು ಮೊಸರಾಗಿಸುವ ಹುಳಿಯೂ ಇದೇ. ಗಡಿಗೆಯಲ್ಲಿದ್ದರೆ ಊಟಕ್ಕೆ ಹಿತ. ಮೆಲುಕುಚೀಲ ತುಂಬಿದರೆ ಮಾರಿ. ಅದು ಮೈಯ ನೀರನ್ನೆಲ್ಲ ಹೊಟ್ಟೆಗೆ ಎಳೆದುಕೊಳ್ಳುತ್ತದೆ, ಹೊಟ್ಟೆಯ ಚಲನೆಯನ್ನು ನಿಲ್ಲಿಸುತ್ತದೆ, ರಕ್ತಕ್ಕೂ ಏರುತ್ತದೆ.

ಅಂಗಡಿಯ ಸೋಡ ಕೊಟ್ಟರಾಗದೆ ಎಂದು ನೀವು ಕೇಳಬಹುದು. ಅದಕ್ಕೂ ಸ್ಥಾನವಿದೆ. ಹೆಚ್ಚು ಹಿಂಡಿ, ಕಾಳು ತಿಂದು ಹೆಚ್ಚು ಹಾಲು ಕರೆಯುವ ಮಿಶ್ರತಳಿಯ ದೊಡ್ಡ ಹಸುಗಳಿಗೆ ದಿನಕ್ಕೆ 100ರಿಂದ 200 ಗ್ರಾಮ್ ಸೋಡವನ್ನು ಮೇವಿನಲ್ಲಿ ಬೆರೆಸಿ ಕೊಡುವುದುಂಟು. ಇಳಿದಿದ್ದ ಹಾಲಿನ ಜಿಡ್ಡು ಇದರಿಂದ ಮತ್ತೆ ಏರುತ್ತದೆ. ಆದರೆ ಹುಲ್ಲೇ ಇಲ್ಲದ ಗೋದಲಿಯ ಕೊರತೆಯನ್ನು ಸೋಡ ತುಂಬಲಾರದು. ಅಳತೆಯನ್ನು ಪಶುವೈದ್ಯರಿಂದ ಕೇಳಿ ತಿಳಿಯಿರಿ. ನೆಲ ಹಿಡಿದ ಹಸುವಿಗೆ ಬಾಯಿ ಬಿಡಿಸಿ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು.

ನಮ್ಮ ಮನೆಯಲ್ಲಿ ಹಸುವಿಲ್ಲವಲ್ಲ ಎನ್ನುವಿರಾ? ಬೀದಿಯ ಹಸುವಿಗೆ ಅನ್ನ ಹಾಕುವವರು ನಾವೇ ತಾನೆ! ಒಂದೇ ಹಸು ಹತ್ತು ಬಾಗಿಲಲ್ಲಿ ಹತ್ತು ಕೈ ಉಣ್ಣುತ್ತದೆ. ಪ್ರತಿಯೊಬ್ಬರೂ ತಾವು ಇಟ್ಟದ್ದು ಸ್ವಲ್ಪವೇ ಎಂದುಕೊಳ್ಳುತ್ತಾರೆ. ಒಂದು ಹಿಡಿ ಅನ್ನದಿಂದ, ದಿನವೂ ಕುಡಿಯುವ ಕಲಗಚ್ಚಿನಿಂದ ಕೇಡಿಲ್ಲ. ಕೊಳಗದಷ್ಟು ಅನ್ನ ಮಿಕ್ಕರೆ ಅದು ಹಸಿದ ಮನುಷ್ಯರಿಗೆ ಸಲ್ಲಲಿ. ಹಸುವಿಗೆ ಪುಣ್ಯ ಮಾಡಬೇಕೆಂದಿದ್ದರೆ ಒಂದು ಹೊರೆ ಹಸಿಹುಲ್ಲನ್ನೋ ರಾಗಿ ಹುಲ್ಲನ್ನೋ ಕೊಂಡು ಹಾಕಿ.

ಹಸು ಸಾಕಿದವರಿಗೆ ಎರಡು ಮಾತು. ಹಿಂಡಿ, ಕಾಳಿಗೆ ಮೊದಲು ಹುಲ್ಲು ಹಾಕಿ. ಹೊಸ ತಿಂಡಿಯನ್ನು ಎರಡು ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ. ಒಳಗಿನ ಜೀವಿಗಳು ಹೊಂದಿಕೊಳ್ಳಲು ಅಷ್ಟು ಕಾಲ ಬೇಕು. ಅಕಸ್ಮಾತ್ ಅನ್ನವನ್ನೋ ಕಾಳನ್ನೋ ಹೊಟ್ಟೆ ಬಿರಿಯೆ ತಿಂದದ್ದು ತಿಳಿದರೆ, ಹಸು ಚೆನ್ನಾಗಿಯೇ ಕಂಡರೂ ಕಾಯುತ್ತ ಕೂರಬೇಡಿ. ಉಳಿದದ್ದನ್ನು ತೆಗೆದು, ಒಣಹುಲ್ಲು ಮಾತ್ರ ಇಟ್ಟು, ಕೂಡಲೇ ಪಶುವೈದ್ಯರನ್ನು ಕರೆಯಿರಿ. ಮೊದಲ ಕೆಲವು ಗಂಟೆಗಳಲ್ಲಿ ಆಗುವ ಉಪಕಾರ ಮರುದಿನ ಆಗದು.

ಇಂದು ಸಂಜೆ ಕೊಟ್ಟಿಗೆಗೆ ಹೋದಾಗ ಒಂದು ಗಳಿಗೆ ನಿಂತು ನೋಡಿ. ಹಸು ಮಲಗಿ ಮೆಲುಕು ಹಾಕುತ್ತಿದ್ದರೆ, ಒಂದು ತುತ್ತಿಗೆ ಎಷ್ಟು ಸಲ ಅಗಿಯುತ್ತದೆಂದು ಎಣಿಸಿ. 50-60 ಬಂದರೆ, ಒಳಗೆ ಎಲ್ಲವೂ ಸರಿಯಾಗಿದೆಯೆಂದು ತಿಳಿದು ನೆಮ್ಮದಿಯಾಗಿ ಮಲಗಿಕೊಳ್ಳಿ.