ಕಿವಿಗೆ ಕಲಿಸುವ ಕನ್ನಡ
(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ, ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ರವಿವಾರ ಇಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಆ ಅನುಭವವನ್ನಷ್ಟೇ ತಮ್ಮ ಮುಂದಿಡುವೆ.

ಕಳೆದ ದೀಪಾವಳಿಗೆ ನನ್ನ ಮಗಳು ಗದಗಿನ ಕಡೆಯ ನಮ್ಮೂರಿಗೆ ಫೋನು ಮಾಡಿ, “ಅಜ್ಜೀ, ಈ ಸಲ ಬೇಳೆ ಹ್ಯಾಂಗ ಬಂದದ?” ಎಂದು ಕೇಳಿದಳು. ಮಳೆ ಕೈಕೊಟ್ಟು ಬೆಳೆ ಕಳಕೊಂಡಿದ್ದ ನಮ್ಮವ್ವ, “ಬೇಳೆ ಅಂಗಡ್ಯಾಗ ಸಿಗತದವಾ” ಎಂದು ಫೋನು ಇಟ್ಟಳು. ಮಗುವಿಗೆ ತಾನೇನು ತಪ್ಪಿದೆನೆಂದು ತಿಳಿಯಲಿಲ್ಲ.

ತಪ್ಪು ಅವಳದಲ್ಲ. ಗುಜರಾತಿಯಲ್ಲಿ ಎ-ಏ, ಒ-ಓಗಳಿಗೆ ನಮ್ಮಂತೆ ಬೇರೆ ಬೇರೆ ಅಕ್ಷರಗಳಿಲ್ಲ. ಇ-ಈಗಳು ಬರಹದಲ್ಲಿದ್ದರೂ ಮಾತಿನಲ್ಲಿ ಕೂಡಿಹೋಗಿವೆ. ದಿನವೆಲ್ಲ ಅದನ್ನೇ ಕೇಳುವ ಕಿವಿಗೆ ಕೊಡು-ಕೋಡು, ಬಿಡು-ಬೀಡು ಎಲ್ಲವೂ ಒಂದೇ. (ಪುಣ್ಯಕ್ಕೆ ‘ಳ’ ಎರಡೂ ಕಡೆ ಇದೆ!) ಹಲಗೆಯ ಮೇಲೆ ಎಷ್ಟು ಬರೆದರೂ ಕಿವಿ ತಿದ್ದುವುದಿಲ್ಲ. ಅದಕ್ಕೇ ಧ್ವನಿಮುದ್ರಣದ ಮೊರೆ ಹೊಕ್ಕೆ.

ಇದು ಈ ಪೇಟೆಗೆ ಹೊಸದೂ ಅಲ್ಲ. ಇಲ್ಲಿಯ ಉಪಗ್ರಹ ಕೇಂದ್ರದಿಂದಲೇ ನಮ್ಮ ‘ಸ್ಯಾಟಲೈಟ್’ಗೆ ಆ ಹೆಸರು ಬಂತು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ತಲಪಿದವು. ಅವುಗಳಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಆ ಉಪಗ್ರಹದಲ್ಲಿ ಚಿತ್ರದ ಹಾದಿ ಒಂದು, ಧ್ವನಿಯ ಹಾದಿ ಎರಡು. ಒಂದೇ ಚಿತ್ರಕ್ಕೆ ಎರಡು ಭಾಷೆಗಳ ಮಾತು ಕೂಡಿಸಲು ಬರುತ್ತಿತ್ತು. ಅಹಮದಾಬಾದಿನಿಂದ ಕನ್ನಡದ ಹಳ್ಳಿಗೆ ಪಾಠ ಹೋಗಿದ್ದ ಕಾಲವೂ ಒಂದಿತ್ತು, ನೋಡಿ.

ನನ್ನ ಮೊದಲ ಯತ್ನ ನೆಲಕಚ್ಚಿತು. ಇಪ್ಪತ್ತು ನಿಮಿಷದ ಕಥೆಯೊಂದನ್ನು ಮೊಬೈಲಿನಲ್ಲಿ ಹಚ್ಚಿ, ನಾನು ಹಿಂದೆ ಕೂತು ಹಾಜರಿ ಬರೆದೆ. ಮಕ್ಕಳು ಆಕಳಿಸಿದರು, ಪತ್ರಿಕೆ ಓದುತ್ತಿದ್ದ ಹಿರಿಯರು ಗದರಿದರು. ಯಂತ್ರಕ್ಕೆ ಕೆಲಸ ಒಪ್ಪಿಸಿ ಮಾಸ್ತರನೇ ರಜೆ ಹಾಕಿದಂತಾಗಿತ್ತು.

ಈಗ ಒಂದು ನಿಮಿಷಕ್ಕಿಂತ ಉದ್ದದ್ದನ್ನು ಹಚ್ಚುವುದಿಲ್ಲ. ಮೊದಲೇ ಒಂದು ಪ್ರಶ್ನೆ ಕೊಡುತ್ತೇನೆ, ಕೇಳಿಸುತ್ತೇನೆ, ನಿಲ್ಲಿಸುತ್ತೇನೆ, ಮತ್ತೆ ಕೇಳಿಸುತ್ತೇನೆ. ರೇಡಿಯೋ ಪಾಠವನ್ನು ನಡುವೆ ತಡೆಯಲು ಬಾರದು. ಮುದ್ರಿಸಿದ್ದನ್ನು ಹತ್ತು ಸಲ ತಿರುಗಿಸಬಹುದು. ಆಮೇಲೆ ಮಕ್ಕಳ ಮಾತನ್ನೇ ಮುದ್ರಿಸಿ ಅವರಿಗೆ ಕೇಳಿಸುತ್ತೇನೆ. ಮೊದಲು ಬಿದ್ದುಬಿದ್ದು ನಗುತ್ತಾರೆ. ನಗು ನಿಂತ ಮೇಲೆ, “ನಾನು ಬೇಳೆ ಅಂದೆ, ಅಲ್ವಾ ಮಾಸ್ತರೆ?” ಎಂದು ತಾವೇ ಹಿಡಿಯುತ್ತಾರೆ. ನಾನು ತಿದ್ದಿದಾಗ ಇಳಿಯುತ್ತಿದ್ದ ಮೋರೆ ಈಗ ಇಳಿಯುವುದಿಲ್ಲ.

ಮುದ್ರಿಸುವಾಗ ಫ್ಯಾನಿನ ಸದ್ದೇ ದೊಡ್ಡ ವೈರಿ. ಬರಿಯ ಗೋಡೆಯ ಕೋಣೆಯಲ್ಲಿ ಮಾತು ಮಾರ್ದನಿಗೊಂಡು ಹ್ರಸ್ವ-ದೀರ್ಘ ಕಲಸಿಹೋಗುತ್ತದೆ. ಗಿರಣಿಯ ಗೋದಾಮಿನಲ್ಲಿ, ಬಟ್ಟೆಯ ಥಾನುಗಳ ನಡುವೆ ನಿಂತರೆ ಸದ್ದೆಲ್ಲ ಬಟ್ಟೆಯೇ ಕುಡಿದುಬಿಡುತ್ತದೆಂಬುದು ನಮಗೆ ಗೊತ್ತು. ಮನೆಯಲ್ಲಾದರೆ ಹಾಸಿಗೆ ಪೇರಿಸಿದ ಮೂಲೆ ಸಾಕು.

ಹೋದ ತಿಂಗಳು ಮಗಳು ಅಜ್ಜಿಗೆ ತನ್ನ ಧ್ವನಿಯಲ್ಲಿ ಬೆಳೆಯ ಸುದ್ದಿ ಕೇಳಿ ಕಳಿಸಿದಳು. ಅವ್ವ ಒಂದು ನಿಮಿಷದ ಉತ್ತರ ಕಳಿಸಿದ್ದಾಳೆ. ಹಿಂದಿನಿಂದ ಕೋಳಿಯ ಕೂಗೂ ಕೇಳುತ್ತದೆ. ಬರುವ ರವಿವಾರ ಅದೇ ಪಾಠ. ಧಾರವಾಡ, ಮಂಗಳೂರು, ಮೈಸೂರು ಎಲ್ಲ ಕಡೆಯ ಮಾತೂ ಮಕ್ಕಳ ಕಿವಿಗೆ ಬೀಳಬೇಕು. ತಮ್ಮ ಮನೆಯ ಹಿರಿಯರ ಮಾತು ಒಂದೊಂದು ನಿಮಿಷದ್ದು ತಂದುಕೊಡಿ. ಫ್ಯಾನು ಮಾತ್ರ ಆರಿಸಿರಿ.