ಕುಮಾವೂನಿನ ಕಾಡಿಗೆ ನಮ್ಮ ಮಕ್ಕಳೂ ಹೋಗಲಿ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಶಿಕ್ಷಣದ ಬಗ್ಗೆ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ನಾನು ಹಕ್ಕಿಗಳ ಬಗ್ಗೆ ಮಾತಾಡುತ್ತೇನೆ. ದಯವಿಟ್ಟು ನಗಬೇಡಿ, ಇದೂ ಶಿಕ್ಷಣದ ಮಾತೇ.

ಕೆಲವು ವರ್ಷಗಳ ಹಿಂದೆ, ಅಕ್ಟೋಬರ್ ತಿಂಗಳಿನ ಒಂದು ಬೆಳಿಗ್ಗೆ, ನನ್ನ ಏಳನೇ ತರಗತಿಯ ಹುಡುಗನೊಬ್ಬ ಚಪ್ಪಲಿ ಡಬ್ಬದಲ್ಲಿ ಒಂದು ಹಕ್ಕಿಯನ್ನು ತಂದ. ಬೆನ್ನು ಹಸಿರು, ರೆಕ್ಕೆಯಲ್ಲಿ ನೀಲಿ, ಕಣ್ಣಿಗೆ ಕಪ್ಪು ಪಟ್ಟಿ, ಬಾಲದ ಕೆಳಗೆ ಕುಂಕುಮದಂಥ ಕೆಂಪು. ಬಾಲವೋ ಇದ್ದೂ ಇಲ್ಲದ ಹಾಗೆ. ರಾತ್ರಿ ಅವರ ಮನೆಯ ಗೋಡೆ ಪಕ್ಕ ಸುಸ್ತಾಗಿ ಬಿದ್ದಿತ್ತಂತೆ. ಈ ಹುಡುಗ ಮುನಿಯಾ ಹಕ್ಕಿಗಳನ್ನು ಬಲೆ ಹಾಕಿ ಹಿಡಿದು ಭಾನುವಾರದ ಸಂತೆಯಲ್ಲಿ ಮಾರುತ್ತಿದ್ದವನು. ಅದು ಕಾನೂನಿನ ಪ್ರಕಾರ ಅಪರಾಧ ಎಂದು ನಾನು ಎರಡು ಸಲ ಗದರಿಸಿದ್ದೆ. ಆವತ್ತು ಅವನು ಕೇಳಿದ್ದು ಬೆಲೆಯನ್ನಲ್ಲ. "ಇದರ ಊರು ಯಾವುದು?" ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ಎರಡು ಭಾಷೆ ಕಲಿಸುತ್ತೇನೆ, ಬಿ.ಎಡ್. ಮಾಡಿದ್ದೇನೆ, ಅಂಗಳಕ್ಕೆ ಬಂದ ಹಕ್ಕಿಯ ಹೆಸರು ಗೊತ್ತಿಲ್ಲ! ಗ್ರಂಥಾಲಯದಲ್ಲಿ ಡಾ. ಸಲೀಂ ಅಲಿಯವರ ಪುಸ್ತಕ ಹುಡುಕಿ ತೆಗೆದೆವು. ಕನ್ನಡದಲ್ಲಿ ನವರಂಗ, ಉರ್ದುವಿನಲ್ಲೂ ನೌರಂಗ್. ಬೇಸಿಗೆ, ಮಳೆಗಾಲದಲ್ಲಿ ಹಿಮಾಲಯದ ತಪ್ಪಲು ಮತ್ತು ಮಧ್ಯ ಭಾರತದ ಕಾಡುಗಳಲ್ಲಿ ಗೂಡು ಕಟ್ಟಿ, ಚಳಿಗಾಲಕ್ಕೆ ದಕ್ಷಿಣಕ್ಕೆ, ಶ್ರೀಲಂಕಾದವರೆಗೂ ಬರುವ ಹಕ್ಕಿ. ರಾತ್ರಿಯಲ್ಲಿ ಪ್ರಯಾಣ. ಸಂಜೆ ಶಾಲೆಯ ಹಿಂದಿನ ಮಾವಿನ ತೋಪಿನಲ್ಲಿ ಬಿಟ್ಟೆವು. ಹಾರಿ ಹೋಯಿತು.

ಆ ಪ್ರಶ್ನೆ ಮಾತ್ರ ನನ್ನಲ್ಲೇ ಉಳಿಯಿತು. ಮೊನ್ನೆ ಮೇ ತಿಂಗಳ ರಜೆಯಲ್ಲಿ ಅಣ್ಣನ ಕುಟುಂಬದ ಜೊತೆ ಉತ್ತರಾಖಂಡದ ಕುಮಾವೂನ್ ಸೀಮೆಗೆ ಹೋಗಿ ಬಂದೆ. ದೆಹಲಿಯಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ರಾಮನಗರ. ಅದು ಕಾರ್ಬೆಟ್ ರಾಷ್ಟ್ರೀಯ ಉದ್ಯಾನದ ಬಾಗಿಲು. 1936ರಲ್ಲಿ ಹೈಲಿ ನ್ಯಾಷನಲ್ ಪಾರ್ಕ್ ಎಂಬ ಹೆಸರಿನಲ್ಲಿ ಆರಂಭವಾದ ಇದು ದೇಶದ ಮೊದಲ ರಾಷ್ಟ್ರೀಯ ಉದ್ಯಾನ. 1973ರಲ್ಲಿ ಹುಲಿ ಯೋಜನೆ ಆರಂಭವಾದದ್ದೂ ಇಲ್ಲಿಯೇ. ಎಲ್ಲರೂ ಹುಲಿ ಹುಲಿ ಎನ್ನುತ್ತಾರೆ. ನಮಗೆ ಹುಲಿ ಕಾಣಲಿಲ್ಲ, ಬೇಸರವೂ ಆಗಲಿಲ್ಲ. ಐನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿರುವ ಕಾಡು ಅದು. ಒಳಗೆ ನಡೆಯಲು ಬಿಡುವುದಿಲ್ಲ, ಜೀಪಿನಲ್ಲೇ ಹೋಗಬೇಕು. ಆದರೆ ಹೊರಗೆ ಕೋಸಿ ನದಿಯ ದಂಡೆಯಿದೆ, ಸಾಲ್ ಮರಗಳ ಅಂಚಿದೆ. ಎರಡನೇ ದಿನ ಫಜ್ರ್ ನಮಾಜ್ ಮುಗಿಸಿ ಹೊರಗೆ ಬಂದಾಗ ಸಾಲ್ ಕಾಡಿನೊಳಗಿಂದ ಎರಡು ಸ್ವರದ ಒಂದು ಸಿಳ್ಳೆ ಕೇಳಿತು. ಗೈಡ್ ಬೆರಳು ತೋರಿಸಿ ಹೇಳಿದ, "ನೌರಂಗ್". ಒಣಗಿದ ಎಲೆಗಳನ್ನು ಮಗುಚುತ್ತ ನಡೆಯುತ್ತಿತ್ತು. ಡಬ್ಬದಲ್ಲಿ ಉಸಿರು ಬಿಡುತ್ತ ಕೂತಿದ್ದ ಹಕ್ಕಿಯೇ ಅದು ಎಂದು ನಾನು ಹೇಳುವುದಿಲ್ಲ. ಆದರೆ ಅದರ ಊರು ಇದು.

ರಾಮನಗರ ಸುಮಾರು 1,100 ಅಡಿ ಎತ್ತರದಲ್ಲಿದೆ. ನೈನಿತಾಲದ ಮೇಲಿರುವ ನೈನಾ ಶಿಖರ 8,500 ಅಡಿಗೂ ಮಿಗಿಲು. ಇವೆರಡರ ನಡುವೆ ಬಸ್ಸಿನಲ್ಲಿ ಒಂದು ಅರ್ಧ ದಿನದ ದಾರಿ. ಅಷ್ಟರಲ್ಲೇ ಸಾಲ್ ಮುಗಿದು ಪೈನ್ ಬರುತ್ತದೆ, ಪೈನ್ ಮುಗಿದು ಬಾಂಜ್ ಎಂಬ ಓಕ್ ಬರುತ್ತದೆ, ಮರದ ಜೊತೆ ಹಕ್ಕಿಯೂ ಬದಲಾಗುತ್ತದೆ. ಪುಸ್ತಕದಲ್ಲಿ ಎರಡು ವರ್ಷ ಕಲಿಸಿದರೂ ಮಕ್ಕಳಿಗೆ ಹತ್ತದ ಪಾಠವನ್ನು ಈ ದಾರಿ ಕಿಟಕಿಯಲ್ಲೇ ಕಲಿಸಿಬಿಡುತ್ತದೆ.

ಮಧ್ಯದಲ್ಲಿ ಭೀಮ್‌ತಾಲದ ಹತ್ತಿರ ಸಾತ್‌ತಾಲ್ ಎಂಬ ಕೆರೆಗಳ ತಾಣವಿದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ನಡಿಗೆ ಸುಲಭ, ನೆರಳು ದಟ್ಟ. ಒಂದು ಹೊಂಡದ ಪಕ್ಕ ಸದ್ದಿಲ್ಲದೆ ಕೂತರೆ ಹಕ್ಕಿಗಳೇ ನೀರಿಗೆ ಬರುತ್ತವೆ. ನಮ್ಮ ಕುಟ್ರುಹಕ್ಕಿಯ ದೊಡ್ಡಣ್ಣನಂಥ ಹಕ್ಕಿಯೊಂದು ಇಡೀ ಕಣಿವೆಗೆ ಕೇಳುವಂತೆ ಕೂಗುತ್ತದೆ. ನೈನಿತಾಲದಿಂದ ಸುಮಾರು 15 ಕಿ.ಮೀ. ದೂರದ ಪಂಗೋಟ್ ಹಳ್ಳಿ, ಅಲ್ಲಿಗೆ ಹೋಗುವ ಕಿಲ್ಬರಿ ರಸ್ತೆ, ಇವು ನಡೆಯುವವರ ಸ್ವರ್ಗ. ಕಾಲೀಜ್ ಕೋಳಿ ರಸ್ತೆ ದಾಟುತ್ತದೆ. ಎಲುಬನ್ನು ಬಂಡೆಯ ಮೇಲೆ ಬೀಳಿಸಿ ಒಡೆದು ತಿನ್ನುವ ಗಡ್ಡದ ರಣಹದ್ದು ತಲೆಯ ಮೇಲೇ ತೇಲುತ್ತದೆ. ನೈನಾ ಶಿಖರದ ಚಾರಣ ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಮುಗಿಯುವಂಥದು. ಮೇ ತಿಂಗಳಲ್ಲಿ ಮಬ್ಬು ಹೆಚ್ಚು. ನಂದಾದೇವಿ ನಮಗೆ ಹತ್ತು ನಿಮಿಷ ಮಾತ್ರ ದರ್ಶನ ಕೊಟ್ಟಿತು. ಹಿಮದ ಶಿಖರಗಳೇ ಬೇಕೆನ್ನುವವರು ದಸರೆ ರಜೆಯ ನಂತರ ಹೋಗಬೇಕು.

ತಾಯಂದಿರು ಕೇಳುವ ಮೊದಲೇ ಹೇಳುತ್ತೇನೆ. ನೈನಿತಾಲದ ಮಲ್ಲಿತಾಲ್‌ನಲ್ಲಿ ಜಾಮಿಯಾ ಮಸೀದಿ ಇದೆ, ಜುಮಾ ತಪ್ಪುವುದಿಲ್ಲ. ಹಲಾಲ್ ಊಟಕ್ಕೆ ತೊಂದರೆಯಿಲ್ಲ. ಉರ್ದು ಬಂದರೆ ಮಾತಿಗೂ ತೊಂದರೆಯಿಲ್ಲ. ಪ್ರಯಾಣದಲ್ಲಿ ಕಸ್ರ್ ಇದೆ.

ನೈನಿತಾಲದ ನೆತ್ತಿಯ ಮೇಲೆ ಶೇರ್ ಕಾ ಡಾಂಡಾ ಎಂಬ ಬೆಟ್ಟವಿದೆ. 1876ರಲ್ಲಿ ಅಲ್ಲಿ ಹಿಮಾಲಯದ ಲಾವಕ್ಕಿಯೊಂದನ್ನು ಬೇಟೆಯಾಡಿದರು. ಆ ಜಾತಿಯ ಹಕ್ಕಿ ಖಚಿತವಾಗಿ ಸಿಕ್ಕಿದ್ದು ಅದೇ ಕೊನೆ. ಸಲೀಂ ಅಲಿಯವರೂ ಹುಡುಕಿದರು, ಸಿಗಲಿಲ್ಲ. ಅದೇ ಕುಮಾವೂನಿನ ಕೆಳಗಿನ ತರಾಯಿ ಬಯಲಿನಲ್ಲಿ, ಬಹುಕಾಲ ಕಾಣದಿದ್ದ ಫಿನ್ ಗೀಜಗವನ್ನು ಮಾತ್ರ ಅವರು ಮತ್ತೆ ಪತ್ತೆ ಮಾಡಿದರು. ಈಗ ಆ ಗೀಜಗವೂ ಕಷ್ಟದಲ್ಲಿದೆ. ಕಾರಣಗಳಲ್ಲಿ ಒಂದು, ಪಂಜರಕ್ಕಾಗಿ ಹಿಡಿಯುವುದು.

ಸಲೀಂ ಅಲಿ ಯಾರೆಂದು ನಮ್ಮ ಮಕ್ಕಳನ್ನು ಕೇಳಿ ನೋಡಿ. 1896ರಲ್ಲಿ ಮುಂಬಯಿಯ ಬೋಹ್ರಾ ಮನೆತನದಲ್ಲಿ ಹುಟ್ಟಿ, ಎಳೆತನದಲ್ಲೇ ಯತೀಮರಾಗಿ, ಸೋದರಮಾವನ ಮನೆಯಲ್ಲಿ ಬೆಳೆದವರು. ಅವರೂ ಏರ್‌ಗನ್ ಹಿಡಿದು ಗುಬ್ಬಚ್ಚಿ ಹೊಡೆದ ಹುಡುಗನೇ. ಕೊರಳು ಹಳದಿಯಾಗಿದ್ದ ಆ ಗುಬ್ಬಚ್ಚಿ ಯಾವುದೆಂದು ಕೇಳಿಕೊಂಡು ಬರಲು ಮಾವ ಅವರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿನ ಮಿಲಾರ್ಡ್ ಸಾಹೇಬರು ಗದರಿಸಲಿಲ್ಲ. ಪೆಟ್ಟಿಗೆಗಳನ್ನು ಎಳೆದು ನೂರಾರು ಹಕ್ಕಿಗಳನ್ನು ತೋರಿಸಿದರು. ನಾನು ನನ್ನ ಹುಡುಗನನ್ನು ಎರಡು ಸಲ ಗದರಿಸಿದ್ದೆ ಎಂದೆನಲ್ಲ, ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಮುಂದೆ ಇದೇ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಒತ್ತಾಯದಿಂದ.

ಪ್ರವಾದಿ ಸುಲೈಮಾನ್ ಅಲೈಹಿಸ್ಸಲಾಮರ ಹುದ್‌ಹುದ್ ಕಥೆಯನ್ನು ಮದ್ರಸಾದಲ್ಲಿ ಎಲ್ಲ ಮಕ್ಕಳೂ ಓದುತ್ತಾರೆ. ನನ್ನ ತರಗತಿಯಲ್ಲಿ ಹುದ್‌ಹುದ್ ಹಕ್ಕಿಯನ್ನು ಕಣ್ಣಾರೆ ಕಂಡಿದ್ದವನು ಒಬ್ಬನೇ, ಆ ಬಲೆ ಹಾಕುವ ಹುಡುಗ. ಮೈದಾನದಲ್ಲಿ ಅದನ್ನು ನಮಗೆಲ್ಲ ತೋರಿಸಿದವನೂ ಅವನೇ.

ನಮ್ಮ ಸಂಘ ಪ್ರತಿ ವರ್ಷ ಪ್ರತಿಭಾವಂತರನ್ನು ಪ್ರವಾಸ ಕಳಿಸುತ್ತದೆ. ಶೇಕಡಾ 85 ಬಂದವರಿಗೆ ಮಾತ್ರ. ಈ ಸಲ ಇಪ್ಪತ್ತು ಮಕ್ಕಳ ಒಂದು ತಂಡವನ್ನು ರಾಮನಗರ, ಸಾತ್‌ತಾಲ್, ಪಂಗೋಟ್‌ಗೆ ಕಳಿಸಿ. ಅದರಲ್ಲಿ ಹುಡುಗಿಯರೂ ಇರಲಿ, ಶಿಕ್ಷಕಿಯರು ಜೊತೆಗೆ ಬರುತ್ತೇವೆ. ಐದು ದುರ್ಬೀನು ಸಾಕು, ಸರದಿಯಲ್ಲಿ ನೋಡುತ್ತಾರೆ. ಕಾರ್ಬೆಟ್ ಪರವಾನಗಿಯನ್ನು ಮುಂಚಿತವಾಗಿ ತೆಗೆದಿಡಬೇಕು, ಆ ಓಡಾಟ ನನ್ನ ಪಾಲಿಗಿರಲಿ. ಇನ್ನೊಂದು ಅರಿಕೆ: ಎರಡು ಸೀಟು ಶಾಲೆ ಬಿಟ್ಟವರಿಗೆ ಇರಲಿ.

ಆ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಲಿಲ್ಲ, ಈಗ ಗ್ಯಾರೇಜಿನಲ್ಲಿದ್ದಾನೆ. ನೌರಂಗ್‌ನ ಊರು ನೋಡಿ ಬಂದೆ ಎಂದು ಹೇಳಿದಾಗ ಕೈಯ ಎಣ್ಣೆ ಒರೆಸಿಕೊಂಡು ಬಂದು ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದ. ಅವನಿಗೆ ಹತ್ತು ದಿನ ರಜೆ ಕೊಡಿ ಎಂದು ಮಾಲೀಕರನ್ನು ಕೇಳಿದ್ದೇನೆ. ಅವರೂ ಈ ಸಭೆಯಲ್ಲಿ ಕೂತಿದ್ದಾರೆ. ಇನ್ನೂ ಉತ್ತರ ಕೊಟ್ಟಿಲ್ಲ.